ನಮ್ಮ ಬಾವಿಯಲ್ಲಿ ಹುಳವಿಲ್ಲವೆಂದು ತೀರ್ಪು ಕೊಟ್ಟ ದುರ್ಬೀನಿಗೆ

ಕೆಳಗಿನಕೊಪ್ಪ, ಅಗಸೂರಿನ ಹತ್ತಿರ,
ತಾಲೂಕು ಅಂಕೋಲೆ.
ಎಪ್ರಿಲ್ ೧೯೩೬

ಮಾನ್ಯರೇ,

ಕಾರವಾರದ ಕಚೇರಿಯೊಂದರ ಕಪಾಟಿನಲ್ಲಿ, ಕೀಲಿ ಹಾಕಿದ ಸಾಗವಾನಿ ಪೆಟ್ಟಿಗೆಯೊಳಗೆ, ನಮ್ಮ ಕೊಪ್ಪದ ಬಾಣಂತಿಯರಿಗೂ ಸಿಗದಂಥ ಮೆತ್ತನೆಯ ಹಾಸಿಗೆಯ ಮೇಲೆ ವಿಶ್ರಾಂತಿಯಲ್ಲಿರುವ ಘನವಂತರಾದ ಸೂಕ್ಷ್ಮದರ್ಶಕ ಯಂತ್ರದವರಿಗೆ, ಅಂದರೆ ನಾವೆಲ್ಲ ‘ಹುಳದ ದುರ್ಬೀನು’ ಎಂದು ಕರೆಯುವ ತಮಗೆ, ಸುಕ್ರ ಬೀರಾ ಗೌಡನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಮ್ಮ ಗಾಜಿಗೆ ಬೂಷ್ಟು ಹಿಡಿಯದಿರಲಿ, ತಮ್ಮ ಹಿತ್ತಾಳೆಯ ತಿರುಪು ಸಡಿಲಾಗದಿರಲಿ. ಇಲ್ಲಿ ನಾವೆಲ್ಲ ಕ್ಷೇಮ. ಕ್ಷೇಮವೇ ಈ ಪತ್ರಕ್ಕೆ ಕಾರಣ.

ನಾನು ಎರಡನೆಯ ಇಯತ್ತೆಯಲ್ಲೇ ಶಾಳೆ ಬಿಟ್ಟವನು. ಮಾಸ್ತರರು ಹೊಡೆಯಲು ಎತ್ತಿದ ಬೆತ್ತವನ್ನು ಕಸಿದು ಗದ್ದೆಗೆ ಎಸೆದು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ವಯಸ್ಸು ಅರವತ್ತೆಂಟಾದರೂ ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲವೆಂದು ನನ್ನ ಸೊಸೆ ದುರ್ಗಿ ಹೇಳುತ್ತಾಳೆ. ಆದುದರಿಂದ ಈ ಪತ್ರದಲ್ಲಿ ಎಲ್ಲಿಯಾದರೂ ಮರ್ಯಾದೆ ತಪ್ಪಿದ್ದು ಕಂಡರೆ ಕಲಿಯದವನು ತಪ್ಪಿ ಬರೆದ ಎಂದು ತಾವು ಕ್ಷಮಿಸಬೇಕಾಗಿಲ್ಲ. ಅದನ್ನು ಬೇಕೆಂದೇ ಬರೆದಿರುತ್ತೇನೆ.

ನನ್ನ ತಕರಾರು ಇಷ್ಟು. ಈ ವರ್ಷ ಹೋಳಿ ಹಬ್ಬಕ್ಕೆ ಸ್ವಲ್ಪ ಮೊದಲು ತಾವು ನಮ್ಮ ಕೊಪ್ಪದ ಬಾವಿಯ ನೀರನ್ನು ಪರೀಕ್ಷಿಸಿ, ಅದರಲ್ಲಿ ರೋಗದ ಹುಳ ಒಂದೂ ಇಲ್ಲವೆಂದು ತೀರ್ಪು ಕೊಟ್ಟಿರಿ. ಒಂದೂ ಇಲ್ಲ! ಒಂದೆರಡಾದರೂ ಇವೆಯೆಂದು ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ತಮ್ಮ ಕುಲದವರು ಲೋಕಕ್ಕೆ ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ವಿಲಾಯತಿಯಲ್ಲಿ ಯಾರೋ ಪುಣ್ಯಾತ್ಮರು ಗಾಜನ್ನು ಉಜ್ಜಿ ಉಜ್ಜಿ ಸಣ್ಣದನ್ನು ದೊಡ್ಡದಾಗಿ ಕಾಣುವಂತೆ ಮಾಡಿದರಂತೆ, ಅಂದಿನಿಂದ ಕಾಯಿಲೆಗಳ ಜಾತಕವೇ ಬದಲಾಯಿತಂತೆ. ಚಳಿಜ್ವರ ಘಟ್ಟದ ಗಾಳಿಯಿಂದ ಬರುತ್ತದೆಂದು ನನ್ನ ಅಪ್ಪ ಸಾಯುವವರೆಗೂ ಆ ದಿಕ್ಕಿನ ಕಿಟಕಿ ತೆರೆಯಲಿಲ್ಲ. ಈಗ ನೋಡಿದರೆ ಅದು ಸೊಳ್ಳೆಯ ಕೆಲಸವೆಂದು ತಾವು ಹಿಡಿದುಕೊಟ್ಟಿದ್ದೀರಿ, ಕೊಯಿನಾ ಗುಳಿಗೆ ಕಹಿಯಾದರೂ ನಮ್ಮವರು ನುಂಗಿ ಬದುಕುತ್ತಿದ್ದಾರೆ. ಎಲ್ಲ ಒಳ್ಳೆಯದೇ. ಆದರೆ ಒಂದು ನಷ್ಟವನ್ನು ತಾವು ಗಮನಿಸಿದಂತಿಲ್ಲ. ಮೊದಲು ಹೊಟ್ಟೆನೋವು ಬಂದರೆ ಯಾರನ್ನಾದರೂ ಬೈಯಲು ಇತ್ತು. ನೆರೆಮನೆಯ ಬೊಮ್ಮುವಿನ ಮಜ್ಜಿಗೆ ಕುಡಿದೇ ನನಗೆ ಹೊಟ್ಟೆ ಕೆಟ್ಟಿತೆಂದು ಹದಿನೆಂಟು ವರ್ಷ ಅವನೊಡನೆ ಮಾತು ಬಿಟ್ಟು ಸುಖವಾಗಿದ್ದೆ. ಹುಳ ಬಂದ ಮೇಲೆ ಬೊಮ್ಮು ನಿರಪರಾಧಿಯಾದ. ಈಗ ದಿನಾ ಬಂದು ಮಾತಾಡುತ್ತಾನೆ.

ಇನ್ನು ಬಾವಿಯ ವಿಷಯ. ನಮ್ಮ ಕೊಪ್ಪ ಇರುವುದು ಗುಡ್ಡದ ಬುಡದಲ್ಲಿ; ಭೂಮಿಯ ಒಡೆಯರಾದ ಶಾಂತಾರಾಮರಾಯರ ಮನೆ ಇರುವುದು ಗುಡ್ಡದ ಮೇಲೆ. ಅವರಿಗೆ ಅವರ ಬಾವಿ, ನಮಗೆ ನಮ್ಮ ಬಾವಿ. ನಮ್ಮದನ್ನು ಚಿರೇಕಲ್ಲು ಕಡಿದು ತೋಡಿದವನು ನನ್ನ ಅಜ್ಜ, ಆದರೆ ಅದು ಇರುವ ನೆಲ ರಾಯರದು. ಮಾಘಮಾಸದಲ್ಲಿ ರಾಯರ ಮನೆಯಲ್ಲಿ ನಾಲ್ಕು ಜನ ಭೇದಿಯಿಂದ ಹಾಸಿಗೆ ಹಿಡಿದರು. ಕೊಪ್ಪದಲ್ಲಿ ಯಾರಿಗೂ ಏನೂ ಆಗಲಿಲ್ಲ. ಇದರಿಂದ ರಾಯರಿಗೆ ಕೂಡಲೇ ನಿಜ ಹೊಳೆದು, “ಕೆಳಗಿನವರ ಬಾವಿಯ ಹೊಲಸೇ ಮಣ್ಣಿನೊಳಗಿಂದ ನಮ್ಮ ಬಾವಿಗೆ ಬರ್ತಾ ಅದೆ, ಅದನ್ನ ಮುಚ್ಚಿಸದೆ ಗತಿಯಿಲ್ಲ” ಎಂದು ಜಗಲಿಯ ಮೇಲೆ ಕೂತು ಸಾರಿ, ಹಾಗೆಯೇ ಅರ್ಜಿ ಬರೆದರು. ನೀರು ಗುಡ್ಡ ಹತ್ತುತ್ತದೆ ಎಂಬುದನ್ನು ಕಂಡುಹಿಡಿದವರಲ್ಲಿ ಅವರೇ ಮೊದಲಿಗರು. ಈ ಶೋಧಕ್ಕೆ ವಿಲಾಯತಿಯಿಂದ ಒಂದು ಬಿಲ್ಲೆ ಬರಬೇಕಾಗಿತ್ತು, ಅಂಚೆಯಲ್ಲಿ ತಡವಾಗಿರಬೇಕು.

ಅರ್ಜಿಯ ಮೇಲೆ ಆರೋಗ್ಯದ ಇನ್ಸ್ಪೆಕ್ಟರ ರಾಜೀವ ನಾಯಕರು ಬಂದು ಎರಡು ಬಾವಿಗಳಿಂದ ಎರಡು ಬಾಟಲಿ ತುಂಬಿ, ಕೊರಳಿಗೆ ಚೀಟಿ ಕಟ್ಟಿ, ಮೋಟಾರಿನಲ್ಲಿ ತಮ್ಮ ಸನ್ನಿಧಿಗೆ ಒಯ್ದರು. ಎಂಟು ದಿನಕ್ಕೆ ತಮ್ಮ ತೀರ್ಪು ಬಂತು: ಮೇಲಿನ ಬಾವಿಯಲ್ಲಿ ಹುಳಗಳ ಸಂತೆ, ಕೆಳಗಿನ ಬಾವಿಯಲ್ಲಿ ಒಂದೂ ಇಲ್ಲ. ರಾಯರು ಬಾಟಲಿ ಅದಲುಬದಲಾಗಿದೆ ಎಂದರು. ಎರಡನೆಯ ಸಲ ಅರಗಿನ ಮುದ್ರೆ ಒತ್ತಿ ಕಳಿಸಿದರು. ತಾವು ಅದೇ ಮಾತನ್ನು ಮತ್ತೆ ಹೇಳಿದಿರಿ. ತಮ್ಮ ಮೊಂಡುತನವನ್ನು ನಾನು ಮೆಚ್ಚಿಕೊಂಡೆ, ಅದು ನಮ್ಮ ಮನೆತನದ ಗುಣ. ಇನ್ಸ್ಪೆಕ್ಟರರು ರಾಯರ ಕೊಟ್ಟಿಗೆಯ ಮೋರಿ ಬಾವಿಕಟ್ಟೆಯ ಬದಿಗೇ ಹರಿಯುವುದನ್ನು ತೋರಿಸಿ, ಬಾವಿಗೆ ಹುಳ ಕೊಲ್ಲುವ ಕೆಂಪು ಪುಡಿ ಸುರಿದರು. ಮರುದಿನ ರಾಯರ ಮನೆಯ ನೀರು ದಾಸವಾಳದ ಬಣ್ಣಕ್ಕೆ ತಿರುಗಿತು, ಅನ್ನ ಬಣ್ಣಗೆಟ್ಟಿತು, ಅವರ ಹಾಲಿನಂಥ ಪಂಚೆಗಳು ನಮ್ಮ ಗದ್ದೆಯ ಕೆಸರಿನ ಬಣ್ಣ ಪಡೆದವು. ನಾನು ನಗಲಿಲ್ಲ. ಬೊಮ್ಮು ನಕ್ಕ; ನಾನು ಅವನ ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಮಾನ್ಯರೇ, ಇಲ್ಲಿಗೆ ಮುಗಿದಿದ್ದರೆ ತಮ್ಮ ಫೋಟೋ ತರಿಸಿ ಹೂವು ಏರಿಸುತ್ತಿದ್ದೆ. ಆದರೆ ರಾಯರು ಎರಡನೆಯ ಅರ್ಜಿ ಬರೆದರು. ಕೆಳಗಿನ ಬಾವಿ ಇಷ್ಟು ಶುದ್ಧವೆಂದು ಸರಕಾರಿ ಯಂತ್ರವೇ ಹೇಳಿದ ಮೇಲೆ ಅದರ ಶುದ್ಧಿ ಕಾಯುವುದು ಭೂಮಿಯ ಒಡೆಯರ ಧರ್ಮ, ಆದ್ದರಿಂದ ಅದಕ್ಕೆ ಬೇಲಿ ಹಾಕಿಸಿ ಕೀಲಿ ನಮ್ಮ ಮನೆಯಲ್ಲಿಟ್ಟುಕೊಳ್ಳುತ್ತೇವೆ, ಕೊಪ್ಪದವರು ಹೊಳೆಯ ನೀರು ತಂದುಕೊಳ್ಳಲಿ ಎಂದು. ಕೇಳಲು ಹೋದ ನನಗೆ, “ಅಲ್ಲ ಸುಕ್ರಾ, ಇಷ್ಟು ಶುದ್ಧದ ನೀರಿಗೆ ನೀವು ಕೊಡ ಅದ್ದಿದ್ರೆ ಅದು ಶುದ್ಧ ಉಳೀತದ್ಯೇನ, ನೀನೇ ಹೇಳು” ಎಂದು ಬಹಳ ಪ್ರೀತಿಯಿಂದ ಕೇಳಿದರು. ಮೂರು ತಲೆಮಾರಿನಿಂದ ನಮ್ಮ ಕೊಡ ಅದ್ದಿಯೇ ಆ ನೀರು ಶುದ್ಧ ಉಳಿದದ್ದೆಂದು ನಾನು ಹೇಳಿದೆ, ಇನ್ನೂ ಒಂದೆರಡು ಮಾತು ಹೇಳಿದೆ. ಅವು ಪತ್ರದಲ್ಲಿ ಬರೆಯುವಂಥವಲ್ಲ.

ಹೊಳೆ ಮುಕ್ಕಾಲು ಮೈಲು ದೂರ, ಅದರಲ್ಲಿ ಊರಿನ ಎಮ್ಮೆಗಳೆಲ್ಲ ಹೊರಳುತ್ತವೆ, ಮತ್ತು ದುರ್ಗಿ ಏಳು ತಿಂಗಳ ಬಸುರಿ. ಬೇಲಿಯ ಗೂಟ ಬಂದ ದಿನ ನಾನು ಕತ್ತಿ ಹಿಡಿದು ಬಾವಿಕಟ್ಟೆಯ ಮೇಲೆ ಕೂತೆ. ಗೂಟ ಹೊತ್ತು ತಂದ ಆಳುಗಳು ದೂರದಲ್ಲೇ ನಿಂತರು. ದುರ್ಗಿ ಮಾತ್ರ ಹತ್ತಿರ ಬಂದು, “ಮಾವಾ, ಆ ಕತ್ತಿ ಇತ್ಲಾಗೆ ಕೊಡಿ, ಸೊಪ್ಪು ಕೊಯ್ಯೂಕೆ ಬೇಕು” ಎಂದು ತೆಗೆದುಕೊಂಡು ಹೋದಳು. ಆಮೇಲೆ ಬರಿಗೈಯಲ್ಲಿ ಕೂತೆ. ಬರಿಗೈಯಲ್ಲಿ ಸಿಟ್ಟು ಮಾಡಿಕೊಂಡು ಕೂರುವುದು ಎಷ್ಟು ಕಷ್ಟವೆಂದು ಕೈಯೇ ಇಲ್ಲದ ತಮಗೆ ತಿಳಿಯಲಿಕ್ಕಿಲ್ಲ.

ಆಗ ಇನ್ಸ್ಪೆಕ್ಟರರು ತಮ್ಮನ್ನೇ ಪೆಟ್ಟಿಗೆ ಸಮೇತ ಊರಿಗೆ ತಂದರು. ರಾಯರ ಜಗಲಿಯ ಮೇಲೆ ಮೇಜು ಹಾಕಿ ತಮ್ಮನ್ನು ನಿಲ್ಲಿಸಿದ್ದು, ಇಡೀ ಊರು ಅಂಗಳದಲ್ಲಿ ನೆರೆದದ್ದು ತಮಗೆ ನೆನಪಿರಬಹುದು. ದುರ್ಗಿಯ ಕೊಡದಿಂದಲೇ ಒಂದು ಹನಿ ತೆಗೆದು ತಮ್ಮ ಕೆಳಗಿಟ್ಟು, ಇವರ ಕೈ ತಾಗಿ ನೀರು ಕೆಟ್ಟಿದೆಯೇ ತಾವೇ ನೋಡಿ ಎಂದು ಇನ್ಸ್ಪೆಕ್ಟರರು ರಾಯರನ್ನು ಕರೆದರು. ರಾಯರು ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತಮಗೆ ಒತ್ತಿ ಹಿಡಿದು, “ಕಂಡ್ತು! ಕಪ್ಪು ಹುಳ! ಒನಕೆಯಷ್ಟು ದಪ್ಪ ಅದೆ, ಹೊರಳ್ತಾ ಅದೆ!” ಎಂದು ಕೂಗಿದರು. ದುರ್ಗಿ ತನ್ನ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡಳು. ಅದನ್ನು ನೋಡಿ ನಾನು ಸೊಂಟದ ಕತ್ತಿಗೆ ಕೈ ಹಾಕಿದೆ; ಅದು ಸೊಪ್ಪು ಕೊಯ್ಯಲು ಹೋಗಿತ್ತು. ಇನ್ಸ್ಪೆಕ್ಟರರು ಮಾತ್ರ ಸಾವಕಾಶವಾಗಿ, “ರಾಯರೇ, ಒಮ್ಮೆ ಕಣ್ಣು ಮಿಟುಕಿಸಿ” ಎಂದರು. ರಾಯರು ಮಿಟುಕಿಸಿದರು. “ಹುಳ ಹಾರಿತೇ?” “ಹಾರಿತು!” “ಅದು ತಮ್ಮದೇ ರೆಪ್ಪೆಯ ಕೂದಲು.”

ಮೊದಲು ನಕ್ಕವರು ರಾಯರ ತಾಯಿ ಮಂದಾಕಿನಿಯಮ್ಮ. ನನಗೂ ನೋಡಲು ಅವಕಾಶ ಸಿಕ್ಕಿತು. ಸುಳ್ಳು ಬರೆಯುವುದಿಲ್ಲ, ನನಗೂ ಒನಕೆಯಷ್ಟೇ ದಪ್ಪದ ಹುಳ ಕಂಡಿತು. ಆದರೆ ಸರದಿಯಲ್ಲಿ ಎರಡನೆಯವನಾದ್ದರಿಂದ ಬಾಯಿ ಮುಚ್ಚಿಕೊಂಡೆ.

ಇನ್ಸ್ಪೆಕ್ಟರರು ಅಲ್ಲಿಯೇ ನಿಯಮ ಬರೆದರು. ರೋಗ ಹರಡುವುದು ಮನೆಯ ಹೆಸರು ನೋಡಿಕೊಂಡಲ್ಲ, ಕೊಳೆ ತಾಗಿದ ಪಾತ್ರೆ ಮತ್ತು ಹಗ್ಗಗಳ ಮೂಲಕ. ಆದುದರಿಂದ ಬೇಲಿಯೂ ಬೇಡ, ಕೀಲಿಯೂ ಬೇಡ, ಬಾವಿಗೆ ಒಂದೇ ಹಗ್ಗ, ಒಂದೇ ಬಾಲ್ದಿ, ಮೇಲಿನವರಾಗಲಿ ಕೆಳಗಿನವರಾಗಲಿ ಅದರಲ್ಲೇ ಸೇದಿ ತಮ್ಮ ಕೊಡಕ್ಕೆ ಹೊಯ್ದುಕೊಳ್ಳಬೇಕು. ಮೋರಿಯನ್ನು ಬೇರೆ ಕಡೆ ತಿರುಗಿಸುವವರೆಗೆ ಮೇಲಿನ ಬಾವಿಯ ನೀರು ಕುಡಿಯಬಾರದೆಂದೂ ಸೇರಿಸಿದರು. ರಾಯರ ಅರ್ಜಿ ಹಿಂದೆ ಹೋಯಿತು. ರಾಯರು ನಾಲ್ಕು ದಿನ ಎಳನೀರು ಕುಡಿದು, ಎಳನೀರಲ್ಲೇ ಅನ್ನ ಮಾಡಿಸಿದರು. ಐದನೆಯ ದಿನ ಮಂದಾಕಿನಿಯಮ್ಮ ತಾವೇ ಕೊಡ ಹಿಡಿದು ಗುಡ್ಡ ಇಳಿದು ಬಂದರು. ದುರ್ಗಿ ಹಗ್ಗ ಹಿಡಿದು ನಿಂತಿದ್ದವಳು, “ಸೇದೂಕೆ ಬತ್ತದೇನ್ರಾ ಅಮ್ಮಾ? ಕೈ ಸುಲೀತದೆ, ನೋಡ್ಕಣಿ” ಎಂದಳು. ಆ ಮುದುಕಿ, “ತವರಲ್ಲಿ ನಾನೇ ಸೇದ್ತಿದ್ದೆ. ಬಸುರಿ ನೀನು, ಅತ್ಲಾಗೆ ಕೂತ್ಕ” ಎಂದು ಇನ್ನೂ ಬಿಸಿಯಾಗಿದ್ದ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡು, ಮೊದಲ ಬಾಲ್ದಿಯನ್ನು ದುರ್ಗಿಯ ಕೊಡಕ್ಕೇ ಹೊಯ್ದರು. ನಾನು ಆ ಹೊತ್ತಿಗೆ ಬೈಯಲು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಹಾಗೆಯೇ ಉಳಿದುಹೋದವು.

ಈಗ ತಮ್ಮ ಉಪಕಾರದ ಫಲ ನೋಡಿ. ದಿನಾ ಬೆಳಿಗ್ಗೆ ಮಂದಾಕಿನಿಯಮ್ಮ ಬಾವಿಕಟ್ಟೆಗೆ ಬಂದು ಕೂರುತ್ತಾರೆ. ದುರ್ಗಿಗೆ ಬಸುರಿನಲ್ಲಿ ಏನು ತಿನ್ನಬೇಕು, ನಾನು ಏನೇನು ತಿನ್ನಬಾರದು ಎಂದು ಹೊತ್ತು ಏರುವವರೆಗೂ ಉಪದೇಶ ನಡೆಯುತ್ತದೆ. ನನ್ನ ಗಂಜಿ ಮಧ್ಯಾಹ್ನಕ್ಕೆ ಸಿಗುತ್ತಿದೆ. ಸಿಟ್ಟು ಮಾಡೋಣವೆಂದರೆ ಇಬ್ಬರೂ ಒಟ್ಟಿಗೆ ನಗುತ್ತಾರೆ.

ಆದುದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳು. ನಮ್ಮ ಬಾವಿಯಲ್ಲಿ ಒಂದೆರಡು ಸಾಧು ಹುಳಗಳು ಕಂಡವೆಂದೂ, ಅವು ಯಾರಿಗೂ ರೋಗ ತರದೆ ಕೇವಲ ಹರಟೆ ಹೊಡೆಯುವವರನ್ನು ಮಾತ್ರ ಕಚ್ಚುವವೆಂದೂ ಒಂದು ಚೀಟಿ ಬರೆದುಕೊಡಬೇಕು. ಅದು ಆಗದಿದ್ದರೆ ಇನ್ನೊಂದು: ಮೇಲಿನವರ, ಕೆಳಗಿನವರ ಕೊಡಗಳೆಲ್ಲ ಇಲ್ಲಿಗೇ ಬರತೊಡಗಿದ ಮೇಲೆ ಬಾವಿಯ ನೀರು ಮೂರು ಮೊಳಕ್ಕೆ ಬಂದಿದೆ, ಮಳೆಗೆ ಇನ್ನೂ ಒಂದೂವರೆ ತಿಂಗಳಿದೆ. ಕಣ್ಣಿಗೆ ಕಾಣದ ಹುಳವನ್ನು ತಾವು ಒನಕೆಯಷ್ಟು ಮಾಡುತ್ತೀರಂತೆ. ಅದೇ ಗಾಜಿನಲ್ಲಿ ನಮ್ಮ ಮೂರು ಮೊಳ ನೀರನ್ನು ಮೂವತ್ತು ಮೊಳ ಮಾಡಿಕೊಡಿ. ನೋಡಲು ದೊಡ್ಡದಾದರೆ ಸಾಲದು, ಕುಡಿಯಲೂ ದೊಡ್ಡದಾಗಬೇಕು. ಇಷ್ಟೂ ಆಗದ ಯಂತ್ರಕ್ಕೆ ಅಷ್ಟು ಮೆತ್ತನೆಯ ಹಾಸಿಗೆ ಏಕೆಂದು ಮುಂದಿನ ಪತ್ರವನ್ನು ಕಲೆಕ್ಟರ ಸಾಹೇಬರಿಗೇ ಬರೆಯಬೇಕಾದೀತು.

ತಮ್ಮ ವಿಶ್ವಾಸಿ, ಆದರೆ ತಮ್ಮ ಮೇಲೆ ಸಿಟ್ಟಿರುವ,
ಸುಕ್ರ ಬೀರಾ ಗೌಡ

ತಾಜಾಕಲಮು: ನಿನ್ನೆ ಶಾಂತಾರಾಮರಾಯರ ಮನೆಗೆ ಕಾರವಾರದಿಂದ ನೆಂಟರು ಬಂದಿದ್ದರು. ರಾಯರು ಅವರನ್ನು ಬಾವಿಕಟ್ಟೆಯವರೆಗೆ ಕರೆತಂದು, ತಾವೇ ಹಗ್ಗ ಎಳೆದು, ಬಾಲ್ದಿಯಿಂದ ಹೊಯ್ದು ಕುಡಿಸಿ, “ನೋಡಿ, ನಮ್ಮ ಬಾವಿಯ ನೀರು, ಇಡೀ ತಾಲೂಕಿನಲ್ಲೇ ಇಂಥದ್ದಿಲ್ಲ” ಎಂದು ನನ್ನ ಎದುರಿಗೇ ಹೇಳಿದರು. ಆ ‘ನಮ್ಮ’ ಎಂಬ ಮಾತಿನೊಳಗೆ ನಾವೂ ಇದ್ದೇವೆಯೋ ಇಲ್ಲವೋ ನನ್ನ ಬರಿಗಣ್ಣಿಗೆ ಕಾಣಲಿಲ್ಲ. ಅದನ್ನು ತೋರಿಸುವ ಗಾಜು ತಮ್ಮಲ್ಲಿದ್ದರೆ ಮುಂದಿನ ಮೋಟಾರಿಗೆ ಕಳಿಸಿ.