ಇಪ್ಪತ್ತು ಬಾಗಿಲಿನ ಇಂಟು ಮಾರ್ಕು

ಮನಸ್ಸನ್ನು ಹಗುರವಾಗಿಟ್ಟುಕೊಳ್ಳುವುದು ಹೇಗೆಂದು ಊರಿಗೆಲ್ಲ ಹೇಳಿಕೊಡುವುದು ನನ್ನ ಉದ್ಯೋಗ. ಆ ಉದ್ಯೋಗದಿಂದಲೇ ನನಗೆ ಎದೆಯುರಿ. 'ಆಳವಾಗಿ ಉಸಿರೆಳೆದುಕೊಳ್ಳಿ' ಎಂದು ಮೂವತ್ತು ಜನರಿಗೆ ಹೇಳುವಾಗ ನಾನು ಉಸಿರಾಡುವುದನ್ನೇ ಮರೆತಿರುತ್ತೇನೆ. "ನಿನ್ನ ಉಪನ್ಯಾಸಕ್ಕೆ ನೀನೂ ಒಂದ್ಸಲ ಹೋಗಿ ಕೂತ್ಕೊ" ಎನ್ನುತ್ತಾರೆ ನಮ್ಮ ಯಜಮಾನರು.

ಆ ದಿನ ಚೆಂಬೂರಿನ ನಮ್ಮ ಆರೋಗ್ಯ ಕೇಂದ್ರಕ್ಕೆ ಸ್ವಯಂಸೇವಕಿ ಸುನೀತಾ ಯುದ್ಧ ಗೆದ್ದವಳಂತೆ ಬಂದಳು. ಮರಾಠಿ ಹುಡುಗಿ, ಕನ್ನಡದವರ ಸಾಲುಮನೆಯ ಚಾಳುಗಳಲ್ಲಿ ತಿರುಗಿ ಕನ್ನಡ ಕಲಿತವಳು. ವಡಾಲದ ಒಂದು ಚಾಳಿನಲ್ಲಿ, ನಿದ್ದೆ ಬರುತ್ತದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದು ಮನೆಮನೆಯಲ್ಲೂ ಕೇಳಿ ಬಂದಿದ್ದಳು. ಹತ್ತೊಂಬತ್ತು ಮನೆಯವರು 'ಎಲ್ಲ ಆರಾಮ' ಎಂದಿದ್ದರು. ಕಟ್ಟಡ ಕೆಲಸದ ಶಾಂತವ್ವ ಒಬ್ಬಳೇ, ತಿಂಗಳಿಂದ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ ಎಂದಳಂತೆ.

"ನಾಳೆ ಡಾಕ್ಟರಿಗೆ ಮನೆ ಸಿಗ್ಬೇಕಲ್ಲ ಮ್ಯಾಡಮ್? ಬಾಗಿಲಿಗೆ ಚಾಕ್‌ಪೀಸಲ್ಲಿ ದೊಡ್ಡ ಇಂಟು ಹಾಕಿ ಬಂದೆ. ಪೋಲಿಯೋ ಹನಿ ತಪ್ಪಿದ ಮನೆಗೆ ಹಾಕ್ತೀವಲ್ಲ, ತಸಂಚ್, ಹಾಗೇನೇ!" ಸಂಜೆ ಐದಕ್ಕೆ ಶಾಂತವ್ವನ ಮಗಳನ್ನು ನೋಡಲು ಹುಡುಗನ ಕಡೆಯವರು ಬರುತ್ತಾರೆ ಎಂಬುದನ್ನೂ ಖುಷಿಯಾಗಿ ಸೇರಿಸಿದಳು. ಆಗಲೇ ನಾಲ್ಕಾಗಿತ್ತು.

ವಡಾಲಕ್ಕೆ ಹೊರಟ ಲೋಕಲ್ ರೈಲಿನಲ್ಲಿ ಉದ್ದಕ್ಕೂ ಅವಳನ್ನು ಬೈದೆ. ಗುರುತು ಹಾಕಕೂಡದೆಂದು ತರಬೇತಿಯಲ್ಲಿ ನಾನು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು, ಎತ್ತಿದ ನನ್ನ ಬೆರಳಿನ ಸಮೇತ. ಆದರೆ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುವಂಥದ್ದು. ಅದಕ್ಕೇ ಡೈರಿ ತೆಗೆದೆ. ತರಬೇತಿಯ ದಿನದ ಪುಟದಲ್ಲಿ ನನ್ನದೇ ಅಕ್ಷರ: 'ಹುಡುಗಿಯರು ಹೆದರಿದ್ದರು. ಎಲ್ಲ ಪೋಲಿಯೋ ತರಹವೇ ಮಾಡಿ ಎಂದು ಧೈರ್ಯ ಹೇಳಿದೆ.' ಡೈರಿ ಮುಚ್ಚಿ ಕಿಟಕಿಯಾಚೆ ನೋಡತೊಡಗಿದೆ. "ಟೆನ್ಶನ್ ನಕೋ ಮ್ಯಾಡಮ್" ಎಂದಳು ಸುನೀತಾ, "ಉಸಿರು ಆಳವಾಗಿ ಎಳ್ಕೊಳ್ಳಿ."

ಚಾಳಿನಲ್ಲಿ, ಶಾಂತವ್ವನ ಬಾಗಿಲ ಮುಂದೆ ಪಕ್ಕದ ಮನೆಯ ಪಾರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ ಬಾಯಾರ, ತಲಿ ಕೆಟ್ಟವರ ಮನಿಗೆ ಹಾಕತೀರೇನ್ ಇದನ್ನ?" ಒಳಗೆ ಮಗಳ ಜಡೆ ಹೆಣೆಯುತ್ತಿದ್ದ ಶಾಂತವ್ವ ತಲೆಯೆತ್ತಲಿಲ್ಲ. ಸೆರಗಿನಿಂದ ಗುರುತು ಒರೆಸಲು ಹೋದೆ.

"ಒರಸಿದ್ರ ಹೋಗತೈತೇನ್ರಿ? ನಾ ನೋಡೀನಲ್ಲ!" ಎಂದಳು ಪಾರವ್ವ.

ಐದಕ್ಕೆ ಹತ್ತೇ ನಿಮಿಷ. ವಿಶ್ವವಿದ್ಯಾಲಯದಲ್ಲಿ ಓದಿದ್ದು ಯಾವುದೂ ಒದಗಲಿಲ್ಲ. ಸುನೀತಾಳ ಚೀಲದಿಂದ ಚಾಕ್‌ಪೀಸು ಕಸಿದು ಪಾರವ್ವನ ಬಾಗಿಲಿಗೂ ಒಂದು ಇಂಟು ಎಳೆದೆ. ಅದರಾಚೆಯದಕ್ಕೆ, ಎದುರಿನದಕ್ಕೆ, ಹೀಗೆ ಇಪ್ಪತ್ತೂ ಬಾಗಿಲಿಗೆ.

"ಅಯ್ಯ, ನನಗೇನಾಗೇತಿ?" ಎಂದು ಪಾರವ್ವ ಬೆನ್ನಟ್ಟಿ ಬರುವಷ್ಟರಲ್ಲಿ ಹುಡುಗನ ಸೋದರಮಾವ ಮೆಟ್ಟಿಲು ಹತ್ತಿ ಬಂದ. "ಇದೇನ್ರಿ, ಎಲ್ಲಾ ಬಾಗಲಿಗೂ?"

ಪಾರವ್ವ ತನ್ನ ಬಾಗಿಲನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. "ಪೋಲಿಯೋದವರ ಕೆಲಸರೀ. ಒಳಗ ಬರ್ರಿ, ನಮ್ಮ ಶಾಂತವ್ವನಂಥ ಚಲೋ ಮಂದಿ ಈ ಚಾಳಿನ್ಯಾಗ ಇಲ್ಲ!"

ಅವಲಕ್ಕಿ, ಚಹಾ ಮುಗಿಸಿ ಅವರು ಹುಡುಗಿಯನ್ನು ಒಪ್ಪಿಕೊಂಡೇ ಹೋದರು. ಈ ಉಪಾಯವನ್ನು ವರದಿಯಲ್ಲಿ ಯಾವ ಗಂಭೀರ ಶೀರ್ಷಿಕೆಯ ಕೆಳಗೆ ಸೇರಿಸಲಿ ಎಂದು ನಾನು ಬೀಗುತ್ತಿರುವಾಗ ಶಾಂತವ್ವ ಹೊರಗೆ ಬಂದಳು.

"ಮರ್ಯಾದಿ ಉಳಿಸಿದ್ರಿ ಬಾಯಾರ. ಆದ್ರ ನಿದ್ದಿ ನನಗ ಇವತ್ತೂ ಬರಂಗಿಲ್ಲ. ನಾಳೆ ಡಾಕ್ಟರು ಬಂದ್ರ, ಇಷ್ಟರಾಗ ನನ್ನ ಮನಿ ಹೆಂಗ ಹುಡಕತಾರ?"

ನನ್ನ ಕೈಯಲ್ಲಿದ್ದ ಚಾಕ್‌ಪೀಸು ಆಗಲೇ ಇನ್ನೊಂದು ಗುರುತಿಗೆಂದು ಅವಳ ಬಾಗಿಲಿನತ್ತ ಹೊರಟಿತ್ತು.