ಧರೆಪ್ಪನ ಬಾಣಂತನ

ಚಂಪವ್ವ: ಹೆರಿಗಿ ಅಂದ್ರ ಏನಂತ ತಿಳದೀರಿ ನೀವು? ಸಂತಿಗೆ ಹೋಗಿ ಬಂದಂಗ ಅಂತ ತಿಳದೀರೇನು?

ಧರೆಪ್ಪ: ನಾ ಹೇಳಿದ ಮಾತಲ್ಲ ಅದು. ಡಾಕ್ಟರಬಾಯಾರು ಹೇಳ್ಯಾರ. ಕಿಡ್ನಿ ಹರಳಿನ ನೋವು, ಹೆರಿಗಿ ನೋವು, ಎರಡೂ ಬರೋಬರಿ.

ಚಂಪವ್ವ: ಬರೋಬರಿ?

ಧರೆಪ್ಪ: ಬರೋಬರಿ. ಹಂಗಂದಮ್ಯಾಲ ನೀನ ವಿಚಾರ ಮಾಡು. ನಿನಗ ಆಗಿದ್ದು ಎರಡ ಹೆರಿಗಿ. ನನಗ ಇದು ಐದನೇದು.

ಕರೋಶಿಯ ಧರೆಪ್ಪ ಪಡಸಾಲೆಯ ಹೊರಸಿನ ಮೇಲೆ ಮೊಣಕಾಲನ್ನು ಎದೆಗೆ ಅವುಚಿಕೊಂಡು ಬಿದ್ದಿದ್ದ. ಅವನ ಹೊಲದಲ್ಲಿ ಕಬ್ಬು ಬೆಳೆಯದ ವರ್ಷವಿತ್ತು, ಮೈಯಲ್ಲಿ ಹರಳು ಬೆಳೆಯದ ವರ್ಷವಿರಲಿಲ್ಲ. ನಿನ್ನೆ ಚಿಕ್ಕೋಡಿಗೆ ಹೋಗಿ ಸೋನೋಗ್ರಾಫಿ ಮಾಡಿಸಿಕೊಂಡು ಬಂದಿದ್ದ. ಹರಳು ಸಣ್ಣದು, ನೀರು ಕುಡಿಯಿರಿ, ತಾನೇ ಬೀಳುತ್ತದೆ ಎಂದಿದ್ದರು ಡಾಕ್ಟರಮ್ಮ. ಸಣ್ಣದು ಎಂಬ ಮಾತು ಅವನಿಗೆ ಹರಳಿಗಿಂತ ಹೆಚ್ಚು ಚುಚ್ಚಿತ್ತು. ಹೆಂಡತಿ ಚಂಪವ್ವ ಎದುರಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಡ ಎಷ್ಟು ನರಳಿದರೂ ಆ ಬಡಿತದ ತಾಳ ತಪ್ಪುತ್ತಿರಲಿಲ್ಲ. ಬೆಳಗಿನಿಂದ ಅವನನ್ನು ಕೆಣಕುತ್ತಿದ್ದದ್ದು ಅದೇ.

ಚಂಪವ್ವ: ನಾ ಎರಡ ಸಲಕ್ಕ ಎರಡ ಮಕ್ಕಳನ್ನ ಕೊಟ್ಟೀನ್ರಿ. ನೀವು ಐದ ಸಲಕ್ಕ ಏನ ಕೊಟ್ಟೀರಿ?

ಧರೆಪ್ಪ: ಕೊಡೂದು ಬಿಡೂದು ಆಮ್ಯಾಲೆ. ನೋವಿನ ಮಾತಾಡು. ಮೊದಲನೇದು ನಿಪ್ಪಾಣಿ ತಂಬಾಕು ಪ್ಯಾಟ್ಯಾಗ ನಿಂತಲ್ಲೇ ಬಂತು. ಎರಡನೇದು ರಾಯಬಾಗ ಬಸ್ಸಿನ್ಯಾಗ, ಕಂಬಿ ಹಿಡಕೊಂಡ ನಿಂತಾಗ.

ಚಂಪವ್ವ: ಕಂಡಕ್ಟರ ನಿಮಗ ಬಸುರಿ ಹೆಂಗಸರ ಸೀಟು ಕೊಟ್ಟನೇನು?

ಧರೆಪ್ಪ: ಕೊಟ್ಟ. ಕೇಳಲಾರದ ಕೊಟ್ಟ. ತಿಳುವಳಿಕಿ ಇದ್ದ ಮನಷ್ಯಾ. ಮೂರನೇದು ನಿನ್ನ ತಂಗಿ ಲಗ್ನದಾಗ.

ಚಂಪವ್ವ: ಅದನ್ನ ಮಾತ್ರ ನೆನಸಬ್ಯಾಡ್ರಿ. ನೀವು ಚೀರಿದ್ದು ಕೇಳಿ ಬಾಜಾದವರು ಮುಹೂರ್ತ ಆತು ಅಂತ ಬಾರಿಸಿ ಬಿಟ್ರು. ಬಾಜಾ ಕೇಳಿ ಮಂದಿ ಅಕ್ಕಿಕಾಳು ಒಗದ ಬಿಟ್ರು. ವರಾ ಇನ್ನಾ ಒಳಗ ಅಂಗಿ ಗುಂಡಿ ಹಾಕ್ಕೊಳ್ಳಾಕತ್ತಿದ್ದ.

ಧರೆಪ್ಪ: ಲಗ್ನ ಆತೋ ಇಲ್ಲೋ?

ಚಂಪವ್ವ: ಆತು. ಈಗೂ ಅವರಿಬ್ಬರಿಗೆ ಜಗಳ ಬಂದ್ರ ನಿಮ್ಮ ಹೆಸರ ತಗೀತಾರ.

ಧರೆಪ್ಪ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಎಡ ಪಕ್ಕೆಯಲ್ಲಿ ಎದ್ದ ನೋವು ಕಿಬ್ಬೊಟ್ಟೆಯವರೆಗೆ ಇಳಿಯಿತು. ಅವನು ಹೊರಸಿನ ಹಗ್ಗ ಹಿಡಿದು ಹಲ್ಲು ಕಚ್ಚಿದ. ಮೈಯೆಲ್ಲ ಬೆವರಿತು. ಈ ನೋವಿನಲ್ಲಿ ನಾಟಕವಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಮೊದಲನೆಯ ಹರಳಿಗೆ ಅರ್ಧ ಕರೋಶಿ ಎಳನೀರು ಹಿಡಿದು ಬಾಗಿಲಿಗೆ ಬಂದಿತ್ತು. ಎರಡನೆಯದಕ್ಕೆ ಓಣಿಯವರು ಬಂದರು, ಮೂರನೆಯದಕ್ಕೆ ಬೀಗರು ಬೈದರು. ನಾಲ್ಕನೆಯದನ್ನು ಯಾರೂ ಕೇಳಲಿಲ್ಲ. ಈ ಸಲ ಅವನ ಗೆಳೆಯ ಲಗಮಣ್ಣ ಹಾದಿಯಲ್ಲಿ ನಿಂತು, ಬಂತೇನೋ, ಎಂದು ಮಳೆಯ ಸುದ್ದಿ ಕೇಳಿದ ಹಾಗೆ ಕೇಳಿ ಸೈಕಲ್ ಹತ್ತಿದ್ದ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ನಿನಗೆ ನಿಜವಾಗಿಯೂ ನೋಯುತ್ತದೆ ಎಂದರೆ ಸಾಕಾಗಿತ್ತು ಧರೆಪ್ಪನಿಗೆ. ಆ ಒಬ್ಬರು ಚಂಪವ್ವನೇ ಆಗಬೇಕೆಂಬುದು ಅವನ ಹಟ.

ಧರೆಪ್ಪ: ಮೊದಲನೇ ಸಲ ನೀ ಗೋಳೋ ಅಂತ ಅತ್ತಿದ್ದಿ.

ಚಂಪವ್ವ: ಸಾಯ್ತೀರಿ ಅಂತ ತಿಳದಿದ್ದೆ.

ಧರೆಪ್ಪ: ಮತ್ತ ಈಗ?

ಚಂಪವ್ವ: ಈಗ ಸಾಯಾಂಗಿಲ್ಲ ಅಂತ ಗೊತ್ತಾಗೇತಿ.

ಧರೆಪ್ಪ: ಅದಕ್ಕ ಬ್ಯಾಸರ ಆಗೇತೇನು?

ಚಂಪವ್ವ: ಬಿಸಿ ರೊಟ್ಟಿ ತಿಂತೀರೇನು?

ಧರೆಪ್ಪ: ನೋವು ಹಳೇದಾತಂದ್ರ ನೋವು ಅಲ್ಲೇನ? ನನಗ ರೊಟ್ಟಿ ಬ್ಯಾಡ. ನೋವು ಬರೋಬರಿ ಇದ್ರ ಉಪಚಾರನೂ ಬರೋಬರಿ ಆಗಬೇಕು. ನನಗ ಬಾಣಂತನ ಮಾಡು!

ಕೊನೆಯ ಮಾತನ್ನು ಅವನು ಸ್ವಲ್ಪ ಗಟ್ಟಿಯಾಗಿಯೇ ಒದರಿದ. ಹಿಂದಿನ ಓಣಿಯಲ್ಲಿ ಅವನ ಅಕ್ಕ ಗಂಗೂಬಾಯಿಯ ಮನೆ. ಊರಿನ ಅರ್ಧ ಬಾಣಂತಿಯರಿಗೆ ಎಣ್ಣೆ-ನೀರು ಹಾಕಿದ ಕೈ ಅವಳದು. ಬಾಣಂತನ ಎಂಬ ಶಬ್ದ ಕಿವಿಗೆ ಬಿದ್ದರೆ ಊಟದ ತಾಟು ಬಿಟ್ಟು ಎದ್ದು ಬರುವ ಹೆಂಗಸು. ಬಂದೇ ಬಿಟ್ಟಳು.

ಗಂಗೂಬಾಯಿ: ಯಾರಿಗೇ ಚಂಪಾ? ಪ್ರಾಜಕ್ತಾಗೇನ? ಅಥಣಿಗೆ ಕೊಟ್ಟ ಮಗಳು ಬಸುರಿ ಆದ್ರ ಸ್ವಾದರತ್ತಿಗೆ ಒಂದ ಮಾತ ಹೇಳಬಾರದೇನು?

ಚಂಪವ್ವ: ಪ್ರಾಜಕ್ತಾಗ ಅಲ್ರಿ ಅಕ್ಕಾರ.

ಗಂಗೂಬಾಯಿ: ಅಯ್ಯ ಶಿವನ! ನಿನಗ? ಈ ವಯಸ್ಸಿನ್ಯಾಗ?

ಚಂಪವ್ವ: ನನಗೂ ಅಲ್ರಿ. ನಿಮ್ಮ ತಮ್ಮಗ.

ಗಂಗೂಬಾಯಿ ತಿರುಗಿ ತಮ್ಮನ ಹೊಟ್ಟೆಯನ್ನು ಒಂದು ಗಳಿಗೆ ನೋಡಿದಳು. ಇಲ್ಲವೆಂದು ತಕ್ಷಣ ಹೇಳಲು ಅವಳಿಗೂ ಧೈರ್ಯವಾಗಲಿಲ್ಲ.

ಧರೆಪ್ಪ: ಅಕ್ಕಾ, ಹರಳು!

ಗಂಗೂಬಾಯಿ: ಹರಳೇನ? ಥೂ ನಿನ್ನ. ನಾ ಏನೋ ಅಂತ ಕಾಲಾಗ ಚಪ್ಪಲ್ ಇಲ್ಲದ ಓಡಿ ಬಂದೆ.

ಚಂಪವ್ವ: ಹರಳಿನ ನೋವು, ಹೆರಿಗಿ ನೋವು ಬರೋಬರಿ ಅಂತ್ರಿ. ಬಾಣಂತನ ಆಗಬೇಕಂತ. ಬಾಣಂತನ ಅಂದ್ರ ತವರವರ ಪಾಳಿ. ಅತ್ತಿ ಅಂತೂ ಇಲ್ಲ. ಇವರ ತವರಮನಿ ಅಂದ್ರ ನೀವ.

ಗಂಗೂಬಾಯಿಗೆ ನಗು ಬರಲಿಲ್ಲ. ಕಸುಬಿನ ವಿಷಯದಲ್ಲಿ ಅವಳು ನಗುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಸಿನ ಹತ್ತಿರ ಬಂದಳು.

ಗಂಗೂಬಾಯಿ: ಮಾಡೂನು. ಆದ್ರ ಅರ್ಧಂಬರ್ಧ ಮಾಡಾಂಗಿಲ್ಲ. ನಾಳೆ ನಿನ್ನ ಸೊಂಟ ಹಿಡೀತಂದ್ರ ನನ್ನ ಹೆಸರ ಕೆಡತೈತಿ. ಹರಳ ಬಿದ್ದೈತೇನು?

ಧರೆಪ್ಪ: ಇನ್ನಾ ಇಲ್ಲ.

ಗಂಗೂಬಾಯಿ: ಮತ್ತ ನೀ ಬಾಣಂತಿ ಎಲ್ಲಿ ಆದ್ಯೋ? ಬಸುರಿ ನೀನು.

ಧರೆಪ್ಪ: ಬಸುರಿಗೆ ಏನೇನ ಕೊಡ್ತಾರ?

ಗಂಗೂಬಾಯಿ: ಕೆಲಸ. ಕಡೀ ದಿನದ ತನಕ ದುಡದ್ರ ಹೆರಿಗಿ ಸರಳ ಅಕ್ಕೈತಿ. ಏಳು, ದನದ ಕೊಟಗಿ ಕಸಾ ಹೊಡಿ.

ಧರೆಪ್ಪ ಏಳಲು ಹೋಗಿ ಮತ್ತೆ ಅವುಚಿಕೊಂಡು ಬಿದ್ದ. ಗಂಗೂಬಾಯಿ ಅವನ ಮುಖ ನೋಡಿ, ಬ್ಯಾನಿ ಸುರು ಆಗ್ಯಾವ, ಹೋಗಲಿ ಪಾಪ, ಬಾಣಂತಿ ಅಂತಲೇ ಹಿಡಿಯೂನು ಎಂದಳು. ಆಮೇಲೆ ಅವಳ ಕೈ ನಿಲ್ಲಲಿಲ್ಲ. ತಮ್ಮನ ಎರಡೂ ಕಿವಿಗೆ ಅರಳೆ ತುರುಕಿ, ಚಂಪವ್ವನ ಹಳೆಯ ಸೀರೆಯ ತುಂಡಿನಿಂದ ತಲೆ ಬಿಗಿದು ಕಟ್ಟಿದಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಬಂತು. ಕೆಂಡದ ಮೇಲೆ ಒಂದು ಹಿಡಿ ಓಮ ಬಿತ್ತು. ಹೊಗೆಯೊಳಗಿನಿಂದ ಧರೆಪ್ಪ ಕೆಮ್ಮುವುದು ಮಾತ್ರ ಕೇಳುತ್ತಿತ್ತು.

ಧರೆಪ್ಪ: ಅಕ್ಕಾ, ಬಾಣಂತಿಗೆ ಕೊಡೂ ಅಂಟಿನುಂಡಿ?

ಗಂಗೂಬಾಯಿ: ಮಾತಾಡಬ್ಯಾಡ, ಬಾಯಾಗ ಗಾಳಿ ಹೊಕ್ಕೈತಿ. ಉಂಡಿ ಆಮ್ಯಾಲೆ. ಮೊದಲ ಬಾಣಂತಿ ಖಾರ ನೆಕ್ಕು.

ಧರೆಪ್ಪ: (ಖಾರ ನೆಕ್ಕಿ, ಕಣ್ಣು ಬಿಟ್ಟು) ನೀರು! ಚಂಪಾ, ನೀರು!

ಗಂಗೂಬಾಯಿ: ಏ ಚಂಪಾ, ಆ ತಂಬಿಗಿ ಅಲ್ಲೇ ಇಡು. ಬಾಣಂತಿಗೆ ನೀರ ಕೊಡಾಂಗಿಲ್ಲ. ತುಟಿ ಒದ್ದಿ ಮಾಡಿದ್ರ ಸಾಕು.

ಧರೆಪ್ಪ: ದಿನಾ ಮೂರ ಲೀಟರ್ ಕುಡೀರಿ ಅಂದಾರ ಡಾಕ್ಟರಬಾಯಾರು!

ಗಂಗೂಬಾಯಿ: ಅದು ರೋಗಿಗೆ ಹೇಳಿದ್ದು.

ಚಂಪವ್ವ: ನೀವ ನೋಡ್ರಿ ಮತ್ತ. ರೋಗಿ ಆಗಿದ್ರ ನೀರ ಐತಿ, ಬಾಣಂತಿ ಆಗಿದ್ರ ಉಂಡಿ ಐತಿ. ಎರಡೂ ಒಬ್ಬರಿಗೇ ಸಿಗಾಂಗಿಲ್ಲ.

ಧರೆಪ್ಪ ತಲೆಗೆ ಕಟ್ಟಿದ್ದ ಸೀರೆಯ ತುಂಡನ್ನು ಕಿತ್ತು ಎಸೆದ. ಕಿವಿಯ ಅರಳೆ ತೆಗೆದು ಅಗ್ಗಿಷ್ಟಿಕೆಗೆ ಹಾಕಿದ. ಚಂಪವ್ವ ತಂಬಿಗೆ ತಂದು ಕೊಟ್ಟು ಒಲೆಯ ಮುಂದೆ ಹೋಗಿ ಕೂತಳು. ಅವನು ಇಡೀ ತಂಬಿಗೆ ಬರಿದು ಮಾಡಿ ಎದ್ದು ಕೂತ. ಸಿಟ್ಟಿನಲ್ಲಿ ನೋವು ಸ್ವಲ್ಪ ಮರೆತಿತ್ತು.

ಧರೆಪ್ಪ: ಇಬ್ಬರೂ ಕೂಡಿ ನನ್ನ ಮಂಗ್ಯಾನ ಮಾಡಾಕತ್ತೀರಿ. ಡಾಕ್ಟರಬಾಯಾರ ಪೂರಾ ಮಾತ ನಾ ಇನ್ನಾ ಹೇಳಿಲ್ಲ, ಹೇಳಿದ್ರ ನಿಮಗ ತಡಕೊಳ್ಳಾಕ ಆಗಾಂಗಿಲ್ಲ ಅಂತ. ಅವರ ಕಡೆ ಒಬ್ಬ ಹೆಣ್ಣಮಗಳು ಬಂದಿದ್ದಳಂತ. ಆಕಿಗೆ ಹೆರಿಗಿನೂ ಆಗ್ಯಾವ, ಹರಳೂ ಆಗೇತಿ. ಆಕಿ ಏನ ಅಂದ್ಲಂತ ಗೊತ್ತೇನು? ಹರಳ ನೋಡಿದ ಮ್ಯಾಲ ಹೆರಿಗಿ ಏನೂ ಅನಸಲಿಲ್ಲ ಬಾಯಾರ, ಅಂದ್ಲಂತ. ಬರೋಬರಿನೂ ಅಲ್ಲ, ಹರಳಿನ ನೋವ ಹೆಚ್ಚ!

ಗಂಗೂಬಾಯಿ: ಯಾರ ಆಕಿ? ಹೆಂಗಸಾಗಿ ಹಂಗ ಅಂದಾಳಂದ್ರ ಹಸೀ ಸುಳ್ಳಿ ಇರಬೇಕು.

ಧರೆಪ್ಪ: ಆಕಿಗೆ ಒಂದ ಮಾತ ಅನಬ್ಯಾಡ ಅಕ್ಕಾ! ಹೆಸರ ಹೇಳಲಿಲ್ಲ ಡಾಕ್ಟರಬಾಯಾರು. ಹೇಳಿದ್ರ ಹೋಗಿ ಕಾಲ ಮುಗದ ಬರತಿದ್ದೆ. ಖರೇ ಹೇಳೂ ಹೆಂಗಸು ಸಾವಿರಕ್ಕ ಒಬ್ಬಾಕಿ. ಅಂಥಾಕಿ ಮನ್ಯಾಗ ಇದ್ದಿದ್ರ ನನ್ನ ನೋವು ತಿಳೀತಿತ್ತು. ಆಕಿ ಗಂಡ ಪುಣ್ಯವಂತ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಬೆಳಗಿನಿಂದ ಮೊದಲ ಸಲ ನಿಂತದ್ದು. ಧರೆಪ್ಪ ಅತ್ತ ನೋಡಿದ.

ಚಂಪವ್ವ: ಆಕಿ ಗಂಡ ಅಷ್ಟೇನ ಪುಣ್ಯವಂತ ಅಲ್ರಿ.

ಧರೆಪ್ಪ: ನಿನಗೇನ ಗೊತ್ತು?

ಚಂಪವ್ವ: ಆಕಿ ನಾನ.

ಗಂಗೂಬಾಯಿಯ ಕೈಯಲ್ಲಿದ್ದ ಖಾರದ ಬಟ್ಟಲು ಅಲ್ಲಿಯೇ ಉಳಿಯಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

ಧರೆಪ್ಪ: ಯಾವಾಗ?

ಚಂಪವ್ವ: ಹೋದ ಬ್ಯಾಸಗ್ಯಾಗ. ಶ್ಯಾವಿಗಿ ಮಾಡಾಕತ್ತಿದ್ದಿವಲ್ರಿ, ಅವಾಗ.

ಗಂಗೂಬಾಯಿ: ಅಯ್ಯ, ನಾನೂ ಇಲ್ಲೇ ಇದ್ನೆಲ್ಲ! ನಡುವ ಒಮ್ಮಿ ಎದ್ದ ಹಿತ್ತಲಕ್ಕ ಹ್ವಾದಿ. ಬಂದಾಗ ಮಾರಿ ಎಲ್ಲಾ ಬೆವತಿತ್ತು. ಕೇಳಿದ್ರ ಸೆಕಿ ಅಂದಿ.

ಚಂಪವ್ವ: ಸೆಕಿನೂ ಇತ್ರಿ.

ಧರೆಪ್ಪ: ಚಿಕ್ಕೋಡಿಗೆ ಯಾವಾಗ ಹೋಗಿದ್ದಿ?

ಚಂಪವ್ವ: ಬಳಿ ಇಡಿಸ್ಕೊಂಡ ಬರ್ತೀನಿ ಅಂತ ಹೇಳಿ ಹೋಗಿದ್ನೆಲ್ರಿ, ಅವತ್ತ.

ಧರೆಪ್ಪ: ಎಷ್ಟ ದೊಡ್ಡದಿತ್ತು?

ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೂ ಉತ್ತರಕ್ಕೆ ಕಾದ.

ಚಂಪವ್ವ: ನಿಮ್ಮ ಈ ಸಲದ್ದಕ್ಕಿಂತ ದೊಡ್ಡದು ಅಂದ್ರು.

ಧರೆಪ್ಪ: ನೋವು?

ಚಂಪವ್ವ: ನೀವು ಹೇಳೂದು ಸುಳ್ಳಲ್ರಿ. ಹೆರಿಗಿಕಿಂತ ಹೆಚ್ಚ. ಹೆರಿಗ್ಯಾಗ ಸುತ್ತ ಹೆಂಗಸರು ಇರ್ತಾರ, ಕೈ ಹಿಡೀತಾರ. ಇದರಾಗ ಯಾರೂ ಇರಾಂಗಿಲ್ಲ. ಈಗ ನೀವು ನರಳಿದ್ರ ನನಗ ಇಲ್ಲೇ ಪಕ್ಕಡ್ಯಾಗ ಹಿಡದಂಗ ಅಕ್ಕೈತಿ. ಅದಕ್ಕ ನಿಮ್ಮ ಕಡೆ ನೋಡೂದಿಲ್ಲ. ರೊಟ್ಟಿ ಬಡಕೋತ ಕುಂತಿರ್ತೀನಿ.

ಇಷ್ಟು ವರ್ಷ ಕೇಳಬೇಕೆಂದು ಹಂಬಲಿಸಿದ ಮಾತು ಅದೇ. ಕೇಳಿದ್ದಾಯಿತು. ಆದರೆ ಸಂತೋಷಪಡಲು ಧರೆಪ್ಪನಿಗೆ ಎಲ್ಲಿಯೂ ಜಾಗ ಸಿಗಲಿಲ್ಲ. ಮಗ್ಗುಲು ಹಿಡಿದುಕೊಂಡೇ ಹೊರಸಿನಿಂದ ಇಳಿದು ಅಡುಗೆಮನೆಯ ತನಕ ಹೋದ. ಚಂಪವ್ವನ ಮುಂದೆ ನೆಲದ ಮೇಲೆ ಕೂತ. ಅವಳ ಕೈ ತುಂಬ ಹಿಟ್ಟಿತ್ತು, ಹಿಡಿಯಬೇಕೋ ಬೇಡವೋ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ಓಮದ ಹೊಗೆಯಿಂದ ಬಂದದ್ದಲ್ಲ.

ಧರೆಪ್ಪ: ನನಗ ಒಂದ ಮಾತ ಹೇಳಬಾರದಿತ್ತೇನ?

ಚಂಪವ್ವ: ಹೇಳಬೇಕಂತ ನಿಮ್ಮ ಹೊರಸಿನ ತನಕಾ ಬಂದಿದ್ನಿರಿ. ನಿಮಗ ನೆಗಡಿ ಆಗಿತ್ತು.