ನಮ್ಮ ಮನೆಯ ಇಲ್ಲದ ಮೇನ್‌ಫ್ರೇಮ್

ಮಾಡುವ ಕೆಲಸ ನಾಲ್ಕು ಜನಕ್ಕೆ ತೋರಿಸುವ ಹಾಗಿರಬೇಕು. ಬಡಗಿ ತಾನು ಮಾಡಿದ ಬಾಗಿಲು ತೋರಿಸುತ್ತಾನೆ. ದರ್ಜಿ ತಾನು ಹೊಲಿದ ಅಂಗಿ ಬಸ್ಸಿನಲ್ಲಿ ಯಾರ ಮೈಮೇಲಾದರೂ ಕಂಡರೆ ಪಕ್ಕದವನನ್ನು ತಿವಿದು ತೋರಿಸುತ್ತಾನೆ. ನಮ್ಮಣ್ಣನಂತೂ ಮನೆಗೆ ಬಂದ ನೆಂಟರನ್ನು ಕಾಫಿ ಕುಡಿಯುವುದಕ್ಕೂ ಬಿಡದೆ ಶುಂಠಿ ಮಡಿ ತೋರಿಸಲು ಎಬ್ಬಿಸಿಕೊಂಡು ಹೋಗುತ್ತಾನೆ. ನನಗೆ ತೋರಿಸಲು ಏನೂ ಇಲ್ಲ. ಇಲ್ಲದ ಒಂದು ಯಂತ್ರದ ಮುಂದೆ ದಿನವಿಡೀ ಕೂತು ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವನು ನಾನು. ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ರಾವಂದೂರಿನ ಬಸ್‌ಸ್ಟಾಪಿನಲ್ಲಿ ನಿಂತವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅಣ್ಣನ ಮುಖ ನೋಡುತ್ತಾರೆ, ಕೊನೆಗೆ "ಓಗ್ಲಿ ಬುಡಪ್ಪ, ಎಲ್ಲಾ ಸರೋಯ್ತದೆ" ಎಂದು ಅಣ್ಣನಿಗೆ ಸಮಾಧಾನ ಹೇಳುತ್ತಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇನ್‌ಫ್ರೇಮ್ ಎಂದರೆ ಬೀರುವಿನಷ್ಟು ದೊಡ್ಡ ಕಂಪ್ಯೂಟರು. ಬ್ಯಾಂಕು, ವಿಮಾನದ ಟಿಕೆಟ್ಟು ಇಂಥ ಭಾರೀ ವ್ಯವಹಾರವನ್ನು ಎಳೆಯುವ ಯಂತ್ರ. ಅದರೊಳಗೆ ಕೆಲಸ ಹಂಚುತ್ತಾ, ಯಾರು ಯಾವಾಗ ಏಳಬೇಕು, ಯಾರು ಯಾವಾಗ ಮಲಗಬೇಕು ಎಂದು ಗದರುತ್ತಾ ಮನೆಯ ಯಜಮಾನನ ಹಾಗೆ ಕೂತಿರುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಎಲ್ಲೆಲ್ಲಿಯದೋ ಜನ ಆ ಕರ್ನಲ್ಲಿಗೆ ದಿನಾ ಹೊಸ ಹೊಸ ಸೌಲಭ್ಯ ಸೇರಿಸುತ್ತಿರುತ್ತಾರೆ. ಅವು ಮೇನ್‌ಫ್ರೇಮಿನಲ್ಲಿ ನಡೆಯುತ್ತವೋ ಇಲ್ಲವೋ ನೋಡುವುದು ನನ್ನ ಕೆಲಸ. ಆದರೆ ಅಂಥ ಯಂತ್ರವನ್ನು ನನ್ನಂಥವನ ಕೈಗೆ ಯಾರು ಕೊಡುತ್ತಾರೆ? ಅದಕ್ಕೆ ಎಮ್ಯುಲೇಟರ್ ಎಂಬ ಇನ್ನೊಂದು ಪ್ರೋಗ್ರಾಮು ನನ್ನ ಲ್ಯಾಪ್‌ಟಾಪಿನೊಳಗೆ ಕೂತು "ನಾನೇ ಮೇನ್‌ಫ್ರೇಮು" ಎಂದು ನಟಿಸುತ್ತದೆ, ನಮ್ಮೂರ ನಾಟಕದಲ್ಲಿ ರಾಜನ ಪಾರ್ಟು ಮಾಡುವವರ ಹಾಗೆ. ಕಿರೀಟ ರಟ್ಟಿನದು, ಕತ್ತಿ ಮರದ್ದು, ಆದರೆ ಮಾತು ಒಂದೂ ತಪ್ಪುವುದಿಲ್ಲ. ಕರ್ನಲ್ ಪಾಪ, ತಾನು ನಿಜವಾದ ಅರಮನೆಯಲ್ಲೇ ಇದ್ದೇನೆಂದುಕೊಂಡು ದುಡಿಯುತ್ತದೆ. ರಾಜ ಮಾತ್ರ ಬಲು ನಿಧಾನ. ಬೆಳಿಗ್ಗೆ ಅವನನ್ನು ಎಬ್ಬಿಸಿ, ನಾನು ತಿಂಡಿ ತಿಂದು ತಟ್ಟೆ ತೊಳೆದಿಟ್ಟು ಬಂದರೂ ಅವನಿನ್ನೂ ಕಣ್ಣುಜ್ಜುತ್ತಿರುತ್ತಾನೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳಿದ್ದೇನೆ. ಹುಣಸೂರಿನ ಕಾಲೇಜಿಗೆ ಐದು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿ ಪಡೆದ ಡಿಗ್ರಿ ಅದು. ಮೂರು ವರ್ಷದ ಡಿಗ್ರಿಗೆ ಐದು ವರ್ಷ ಯಾಕೆ ಎಂದು ನನ್ನನ್ನು ಕೇಳಬೇಡಿ, ಇಂಗ್ಲಿಷ್ ಪೇಪರನ್ನು ಕೇಳಿ. ಕನ್ನಡ ಮೀಡಿಯಮ್ಮಿನ ನನಗೆ ಕೊನೆಗೂ ಇಂಗ್ಲಿಷ್ ಕಲಿಸಿದ್ದು ಕಂಪ್ಯೂಟರಿನ ಎರರ್ ಮೆಸೇಜುಗಳು. ಹಾಗಾಗಿ ನಾನು ಬರೆದ ರಜೆ ಚೀಟಿ ಕೂಡ ಏನೋ ಅನಾಹುತದ ಎಚ್ಚರಿಕೆಯಂತೆ ಕಾಣುತ್ತದೆ ಎಂದು ನಮ್ಮ ಮ್ಯಾನೇಜರು ಒಮ್ಮೆ ಹೇಳಿದ್ದರು. ನನ್ನದು ಮನೆಯಿಂದಲೇ ಮಾಡುವ ಕೆಲಸ, ಅವರೊಡನೆ ತಿಂಗಳಿಗೊಂದು ಫೋನು. "ಎಲ್ಲಾ ಓಕೆನಾ?" "ಓಕೆ ಸಾರ್." ಅಲ್ಲಿಗೆ ಆ ತಿಂಗಳ ಮಾತು ಮುಗಿಯಿತು. ಮನೆಯಲ್ಲಿ ಮಾತಿಗೆ ಕೊರತೆಯಿಲ್ಲ. ನನ್ನ ಕೆಲಸದ ಮಾತಿಗೆ ಮಾತ್ರ ಜಾಗವಿಲ್ಲ. ಒಮ್ಮೆ ಐದು ದಿನ ಸತಾಯಿಸಿದ ಕರ್ನಲ್ ಪರೀಕ್ಷೆಯೊಂದು ಪಾಸಾದ ಖುಷಿಗೆ ಅಡುಗೆಮನೆಗೆ ಓಡಿ ಅತ್ತಿಗೆಗೆ ಹೇಳಿದೆ. ಅವರು ಮುದ್ದೆ ತಿರುವುವುದನ್ನು ನಿಲ್ಲಿಸದೆ, "ಒಳ್ಳೇದಾಯ್ತು ಕಣಪ್ಪ, ಕೈ ತೊಳ್ಕೊಂಡ್ ಬಾ" ಎಂದರು. ಅದರಲ್ಲಿ ಪ್ರೀತಿ ಇತ್ತು, ಸುಳ್ಳು ಹೇಳಬಾರದು. ಕೈ ತೊಳೆದುಕೊಂಡು ಬಂದು ಕೂತೆ.

ಹೀಗಿರುವಾಗ ನನಗೊಂದು ತಪ್ಪು ಸಿಕ್ಕಿತು. ಕರ್ನಲ್ಲಿಗೆ ಹೊಸದಾಗಿ ಸೇರಿದ ಸೌಲಭ್ಯವೊಂದಿತ್ತು: ಇಷ್ಟು ಹೊತ್ತಿಗೆ ಎಬ್ಬಿಸು ಎಂದರೆ ಕೂದಲೆಳೆಯಷ್ಟೂ ತಡಮಾಡದೆ ಎಬ್ಬಿಸಬೇಕು. ಎಬ್ಬಿಸುತ್ತಿತ್ತು. ಆದರೆ ದಿನಕ್ಕೊಮ್ಮೆ ಇದ್ದಕ್ಕಿದ್ದ ಹಾಗೆ ಎಡವತೊಡಗಿ, ಒಂದೆರಡು ಗಂಟೆ ತಪ್ಪುತ್ತಲೇ ಹೋಗಿ, ಮತ್ತೆ ತಾನಾಗಿ ಸರಿಹೋಗುತ್ತಿತ್ತು. ಕರ್ನಲ್ ಮಂದಿ ಪತ್ರ ಬರೆದುಕೊಳ್ಳುವ ಜಾಗಕ್ಕೆ ವಿವರ ಬರೆದು ಹಾಕಿದೆ. ನನ್ನಂಥವರು ಹಾಕಿದ್ದಕ್ಕೆ ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ. ಈ ಸಲ ಬಂತು. ಬರೆದವರು ಹೆನ್ರಿಕ್ ಎಂಬ ಹಿರಿಯರು, ಯುರೋಪಿನ ಯಾವುದೋ ಚಳಿಯೂರಿನವರು, ಕರ್ನಲ್ಲಿನ ಗಡಿಯಾರದ ಭಾಗ ನೋಡಿಕೊಳ್ಳುವವರು. ತಮ್ಮಲ್ಲಿ ಆ ತಪ್ಪು ಬರುತ್ತಿಲ್ಲ, ಆದರೆ ನಿಮ್ಮ ವಿವರ ಅಚ್ಚುಕಟ್ಟಾಗಿದೆ, ಇನ್ನಷ್ಟು ನೋಡಿ ತಿಳಿಸಿ ಎಂದಿದ್ದರು. ತಿಳಿಸಿದೆ. ಅವರು ಮತ್ತೆ ಕೇಳಿದರು. ಮತ್ತೆ ತಿಳಿಸಿದೆ. ಮೂರು ವಾರ ದಿನಕ್ಕೊಂದು ಪತ್ರ. ನನ್ನ ಕೆಲಸದ ಬಗ್ಗೆ ಅಷ್ಟೊಂದು ಪ್ರಶ್ನೆ ಕೇಳಿದವರು ಇಡೀ ಭೂಮಿಯ ಮೇಲೆ ಅವರೊಬ್ಬರೇ. ಮದುವೆ ಗೊತ್ತಾದವರು ಫೋನು ನೋಡುವ ಹಾಗೆ ನಾನು ಇನ್‌ಬಾಕ್ಸು ನೋಡತೊಡಗಿದೆ. ಜೊತೆಗೆ ಇನ್ನೊಂದು ಆಸೆ. ತಪ್ಪನ್ನು ತಿದ್ದಿದಾಗ, ಅದನ್ನು ಮೊದಲು ತೋರಿಸಿಕೊಟ್ಟವರ ಹೆಸರನ್ನು ತಿದ್ದುಪಡಿಯ ಕೆಳಗೆ ಬರೆಯುವುದು ಅವರ ಪದ್ಧತಿ. ಒಮ್ಮೆ ಬರೆದರೆ ಅಳಿಸುವುದಿಲ್ಲ. ನಮ್ಮ ಮನೆತನದ ಹೆಸರು ಅದುವರೆಗೆ ಪಹಣಿ, ರೇಷನ್ ಕಾರ್ಡು ಬಿಟ್ಟರೆ ಎಲ್ಲೂ ಅಚ್ಚಾದದ್ದಲ್ಲ.

ತಪ್ಪು ಯಾವ ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ, ಬರೆದಿಡಿ ಎಂದರು ಹೆನ್ರಿಕ್. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಹೊಡೆದು, ಬರೆದು, ನಡುಮನೆಯ ಗೋಡೆಗೆ ಅಂಟಿಸಿದೆ. ಬರೆಯುತ್ತಾ ಹೋದಂತೆ ಮೈ ಜುಮ್ಮೆಂದಿತು. ಮೊದಲ ವಾರ ತಪ್ಪು ಬೆಳಗಿನ ಹೊತ್ತು, ಎರಡನೇ ವಾರ ಮಧ್ಯಾಹ್ನ, ಮೂರನೇ ವಾರ ಮತ್ತೆ ಬೆಳಗು! ಇದರ ಹಿಂದೆ ಏನೋ ಗಹನವಾದ ಗಣಿತವಿದೆ ಎಂದು ಬರೆದೆ. ಹೆನ್ರಿಕ್ ಕೂಡ ಬೆರಗಾದರು. ಯಂತ್ರದೊಳಗಿನ ಯಾವುದೋ ಎಣಿಕೆ ವಾರಕ್ಕೊಮ್ಮೆ ತುಂಬಿ ತುಳುಕುತ್ತಿದೆ ಎಂದು ಇಬ್ಬರೂ ಸೇರಿ ಒಂದು ಸಿದ್ಧಾಂತ ಕಟ್ಟಿದೆವು. ಅವರು ತಮ್ಮ ಶನಿವಾರ, ಭಾನುವಾರಗಳನ್ನೂ ಅದಕ್ಕೇ ಕೊಟ್ಟು ತಿದ್ದುಪಡಿ ಬರೆಯಲು ಕೂತರು. ಕೆಳಗೆ ನನ್ನ ಹೆಸರು ಹಾಕಬೇಕು, ಕಾಗುಣಿತ ಸರಿಯಾಗಿ ತಿಳಿಸಿ ಎಂದರು. ತಿಳಿಸಿದೆ, ಇನಿಷಿಯಲ್ ಸಮೇತ.

ಅದಾದ ಮಾರನೆಯ ದಿನ ತೋಟದಿಂದ ಬಂದ ಅಣ್ಣ ಕಾಲಿನ ಕೆಸರನ್ನೂ ಮರೆತು ಗೋಡೆಯ ಮುಂದೆ ನಿಂತ.

"ಓದ್ದೋನು ಅನ್ನೋದು ಇದುಕ್ಕೆ ನೋಡ್ಲಾ! ಎಷ್ಟು ನೀಟಾಗಿ ಬರ್ದಿದ್ದೀಯ."

ನನಗೆ ಕಣ್ಣು ತುಂಬಿಬಂತು. "ನಿಂಗೆ ಅರ್ಥ ಆಯ್ತೇನಣ್ಣ?"

"ಆಗ್ದೆ ಏನ್ಲಾ? ತ್ರೀ ಫೇಸ್ ಟೈಮು. ಒಂದ್ವಾರ ಬೆಳಿಗ್ಗೆ ಪಾಳಿ, ಒಂದ್ವಾರ ಮಧ್ಯಾಹ್ನದ ಪಾಳಿ. ಮಂಗಳವಾರದ್ದು ಮಾತ್ರ ತಪ್ಪಾಗ್ಬುಟ್ಟದೆ ನೋಡು. ಅವತ್ತು ಬಂದಿದ್ದು ಒಂಬತ್ತಕ್ಕೆ, ನೀನು ಒಂಬತ್ತೂಕಾಲು ಅಂತ ಬರ್ದಿದ್ದೀಯ."

"ಅದು ಕರೆಂಟಲ್ಲ ಅಣ್ಣ, ಮೇನ್‌ಫ್ರೇಮು..."

"ಯಾವ್ ಫ್ರೇಮೋ ನಂಗೊತ್ತಿಲ್ಲ ಕಣ್ಲಾ. ಫೋಟೋ ಒಡ್ಕೊಂಡೆ, ನಮ್ಮ ಮೋಟ್ರು ಗ್ರೂಪ್‌ಗೆ ಆಕ್ತೀನಿ. ಆ ಲೈನ್‌ಮನ್ನ ಕೇಳಿದ್ರೆ ಒಬ್ಬೊಬ್ರಿಗೆ ಒಂದೊಂದ್ ಏಳ್ತಾನೆ."

ನಾನು ಗೋಡೆಗೆ ಒರಗಿದೆ. ನಮ್ಮ ಮನೆ ಊರೊಳಗಿಲ್ಲ, ಜಮೀನಿನಲ್ಲೇ ಇದೆ; ನಮ್ಮ ದೀಪ ಉರಿಯುವುದೂ ಪಂಪ್‌ಸೆಟ್ಟಿನ ಲೈನಿನಲ್ಲೇ. ಮೋಟರು ಓಡಿಸಲು ಪಾಳಿಯಲ್ಲಿ ಬಿಡುವ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತವೆ. ವೋಲ್ಟೇಜು ಕುಸಿಯುತ್ತದೆ. ಲ್ಯಾಪ್‌ಟಾಪಿಗೆ ಹಾಕಿದ ಸ್ಟೆಬಿಲೈಜರು ಟಕ್ ಎಂದು ಕೈಬಿಡುತ್ತದೆ. ಬ್ಯಾಟರಿಗೆ ಬಿದ್ದ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲು ನಿಧಾನವಾಗುತ್ತದೆ, ಮೊದಲೇ ನಿಧಾನದ ರಾಜ ತೂಕಡಿಸುತ್ತಾನೆ. ಜನ ನೀರು ಕಟ್ಟಿ ಒಂದೊಂದೇ ಮೋಟರು ಆರಿಸಿದ ಮೇಲೆ ಎಲ್ಲ ಸರಿಹೋಗುತ್ತದೆ. ಪರದೆಯ ತುಂಬ ಪರೀಕ್ಷೆಯ ಸಾಲುಗಳನ್ನೇ ಹರಡಿಕೊಂಡು ಕೂರುವ ನನಗೆ ಮೂಲೆಯ ಬ್ಯಾಟರಿ ಗುರುತು ಕಂಡಿರಲಿಲ್ಲ. ಕಣ್ಣಿಗೆ ಕಾಣದಿದ್ದರೆ ಹೋಗಲಿ, "ತ್ರೀ ಫೇಸ್ ಬಂತು!" ಎಂದು ಅಣ್ಣ ದಿನಾ ಅಂಗಳದಿಂದ ಕೂಗುತ್ತಿದ್ದ. ಆ ಕೂಗಿನಿಂದ ನನ್ನ ಸಂಶೋಧನೆಗೆ ತೊಂದರೆಯಾಗುತ್ತದೆಂದು ನಾನೇ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಿದ್ದೆ. ಅನುಮಾನ ಬೇಡವೆಂದು ಚಾರ್ಜರಿನ ಪ್ಲಗ್ ಕಿತ್ತು ನೋಡಿದೆ. ತಪ್ಪು ಬಂತು. ಹಾಕಿದೆ. ಹೋಯಿತು.

ಮೂರು ದಿನ ಹೆನ್ರಿಕ್ಕಿಗೆ ಬರೆಯಲಿಲ್ಲ. ಅವರಿಂದ ಮಾತ್ರ ಎರಡು ಪತ್ರ ಬಂದವು: ಆರೋಗ್ಯವೇ, ತಿದ್ದುಪಡಿ ಇನ್ನೇನು ಮುಗಿಯಿತು ಎಂದು. ನಿಜ ಹೇಳಿದರೆ ಹೆಸರೂ ಹೋಗುತ್ತದೆ, ಪತ್ರವೂ ನಿಲ್ಲುತ್ತದೆ. ಹೆಸರಿನ ಆಸೆ ಒಂದೇ ದಿನಕ್ಕೆ ಬಿಟ್ಟಿತು, ಪತ್ರದ್ದು ಬಿಡಲಿಲ್ಲ. ನನ್ನ ಮುಖ ನೋಡಿ ಅತ್ತಿಗೆ ಅವರೆಕಾಯಿ ಬಿಡಿಸುತ್ತಾ ವಿಚಾರಿಸಿದರು. ಎಲ್ಲ ಹೇಳಿದೆ.

"ಏಳ್ಬುಡು ಕಣಪ್ಪ. ಇಲ್ದೇ ಇರೋದ್ನ ಆ ಯಜಮಾನ್ರು ಎಷ್ಟು ದಿನ ಅಂತ ಉಡುಕ್ತಾರೆ, ಪಾಪ?"

"ಹೇಳಿದ್ರೆ ಆಮೇಲೆ ಬರೆಯಲ್ಲ ಅತ್ತಿಗೆ ಅವರು."

"ಬರೀದೆ ಓದ್ರೆ ಓಗ್ಲಿ. ಇಲ್ಲೂ ಕಾಳು ಬಿಡ್ಸಕ್ಕೆ ಜನ ಬೇಕು, ಕೂತ್ಕೊ."

ಕೂತು ಒಂದು ಮೊರ ಕಾಳು ಬಿಡಿಸಿ ಎದ್ದು ಬರೆದೆ. ಎರರ್ ಮೆಸೇಜುಗಳಲ್ಲಿ ಕಲಿತ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು ಬಲು ಕಷ್ಟ; ಅವು ಯಾವತ್ತೂ ತಮ್ಮದು ತಪ್ಪು ಎಂದು ಹೇಳಿದ್ದೇ ಇಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಇದು ಕರ್ನಲ್ಲಿನ ತಪ್ಪಲ್ಲ, ಈ ವಿಷಯ ಮುಚ್ಚುತ್ತಿದ್ದೇನೆ, ಪ್ರಾಮಾಣಿಕವಾಗಿ ತಿಳಿಸಿದ್ದಕ್ಕೆ ಧನ್ಯವಾದ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ನೀರಿನ ಪಂಪಿನಿಂದ ಬಂದ ತಪ್ಪನ್ನು ನಾನು ಕಂಡದ್ದು ಇದೇ ಮೊದಲು, ಅಂದ ಹಾಗೆ, ಆ ನೀರಿನಲ್ಲಿ ಏನು ಬೆಳೆಯುತ್ತೀರಿ?

ಅಷ್ಟು ಸಾಕಾಯಿತು ನನಗೆ. ನಾಲ್ಕು ಪುಟ ಬರೆದೆ. ಶುಂಠಿ ಮಡಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ನಮ್ಮ ಹೊಲದ ಬದುವಿನಿಂದ ಕಾಣುವ ಬೆಟ್ಟದಪುರದ ಬೆಟ್ಟ, ಮೋಟರಿನ ಸದ್ದು ಕೇಳಿಯೇ ನೀರು ಎಷ್ಟಿದೆಯೆಂದು ಹೇಳುವ ಅಣ್ಣ, ಯಾವುದನ್ನೂ ಬಿಡಲಿಲ್ಲ. ಮೂರು ಸಲ ಓದಿ, ಒಂದೊಂದು ಪದವನ್ನೂ ಡಿಕ್ಷನರಿಯಲ್ಲಿ ನೋಡಿ ಕಳಿಸಿದೆ. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ. ತಪ್ಪು ಕಂಡ ಕಡೆ ಉತ್ತರ ಬರೆಯುವುದು ಅವರ ಕೆಲಸ. ನಾನಾದರೋ ಪರೀಕ್ಷೆ ಮಾಡುವವನು. ಆ ನಾಲ್ಕು ಪುಟದಲ್ಲಿ ಇದ್ದಬದ್ದ ತಪ್ಪನ್ನೆಲ್ಲ ಕಳಿಸುವ ಮುಂಚೆ ನಾನೇ ತಿದ್ದಿಬಿಟ್ಟಿದ್ದೆ.